ಕಾಲು ಸೋತಾಗ ಮೊದಲು ಮೂತ್ರ ಪರೀಕ್ಷೆ

ಸೂರ್ಯ ರೋಹಿಣಿ ನಕ್ಷತ್ರಕ್ಕೆ ಬರುವುದು ಮೇ 25ರ ಸುಮಾರಿಗೆ. ರೋಹಿಣಿ ಮಳೆ ಹುಯ್ದರೆ ಓಣಿಯೆಲ್ಲ ಜೋಳ ಎಂಬುದು ನಮ್ಮ ಕಡೆಯ ಗಾದೆ. ಕೃಷ್ಣೆಯ ಕೆಳದಂಡೆಯ ತೆಲುಗರಿಗೆ ಮಾತ್ರ ಅದೇ ರೋಹಿಣಿ ಬೆಂಕಿ. ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲೂ ಬಿರಿಯುತ್ತದೆ ಎನ್ನುತ್ತಾರೆ ಅವರು. ವಿಜಯವಾಡದಲ್ಲಿ ಆ ದಿನಗಳಲ್ಲಿ ತಾಪಮಾನ 45 ಡಿಗ್ರಿ ಮುಟ್ಟುವುದು ಯಾರಿಗೂ ಸುದ್ದಿಯಲ್ಲ. ಊರಿನ ಹಳೆಯ ಹೆಸರಾದ ಬೆಜವಾಡವನ್ನು ತಿರುಚಿ ‘ಬ್ಲೇಜ್‌ವಾಡ’ ಎಂದು ಅಲ್ಲಿನವರೇ ನಗೆಯಾಡುವುದುಂಟು. ನಗೆಯಾಡುವಷ್ಟು ಹಗುರದ ಬಿಸಿಲಂತೂ ಅದಲ್ಲ. 2015ರ ಮೇ ತಿಂಗಳ ಬಿಸಿಗಾಳಿಗೆ ಆಂಧ್ರಪ್ರದೇಶ ಒಂದರಲ್ಲೇ ಸಾವಿರಕ್ಕೂ ಹೆಚ್ಚು ಜನ ಸತ್ತರು.

ಇದೇ ಕಾರ್ತೆಯ ನಡುವೆ, ಮೇ 30ರಂದು, ‘ವಿಶ್ವ ಎಂಎಸ್ ದಿನ’ ಬರುತ್ತದೆ. ಮೈಯ ಬಿಸಿ ಅರ್ಧ ಡಿಗ್ರಿ ಏರಿದರೂ ಕೈಕಾಲು ಸೋಲುವಂಥ ಕಾಯಿಲೆಗೆ ಈ ದಿನವನ್ನು ಗೊತ್ತುಮಾಡಿದವರು ತಂಪು ದೇಶದವರೇ ಇರಬೇಕು.

ಎಂಎಸ್ ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್. ಮಿದುಳು, ಬೆನ್ನುಹುರಿಗಳ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಆ ಹೊದಿಕೆಯನ್ನು ಅಲ್ಲಲ್ಲಿ ಕಿತ್ತುಹಾಕುತ್ತದೆ. ಕಿತ್ತ ಜಾಗದಲ್ಲಿ ನರದ ಸಂದೇಶ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ. ಒಬ್ಬರಿಗೆ ಕಣ್ಣು ಮಂಜಾಗುತ್ತದೆ, ಇನ್ನೊಬ್ಬರಿಗೆ ಸೊಂಟದ ಕೆಳಗೆ ಜೋಮು, ಮತ್ತೊಬ್ಬರಿಗೆ ನಡಿಗೆ ತೂರಾಟ. ಪ್ಯಾರಿಸ್ಸಿನ ವೈದ್ಯ ಶಾರ್ಕೊ 1868ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದ. ಹೆಚ್ಚಿನವರಲ್ಲಿ ಇದು ಇಪ್ಪತ್ತರಿಂದ ನಲವತ್ತರ ವಯಸ್ಸಿನೊಳಗೆ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಜಗತ್ತಿನಲ್ಲಿ 28 ಲಕ್ಷಕ್ಕೂ ಹೆಚ್ಚು ಜನ ಇದರೊಡನೆ ಬದುಕುತ್ತಿದ್ದಾರೆ.

ನಮ್ಮಲ್ಲಿ ಇದು ಬಿಳಿಯರ ಕಾಯಿಲೆ ಎಂಬ ನಂಬಿಕೆ ವೈದ್ಯರಲ್ಲೂ ಬಹುಕಾಲ ಇತ್ತು. ಅದನ್ನು ಅಲುಗಿಸಿದ ಕೆಲಸಗಳಲ್ಲಿ ಒಂದು ನಡೆದದ್ದು ಮಂಗಳೂರಿನಲ್ಲಿ. ನರವೈದ್ಯೆ ಡಾ. ಲೇಖಾ ಪಂಡಿತ್ ಮತ್ತು ಅವರ ಸಹೋದ್ಯೋಗಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಂಗಳೂರು ನಗರದ ಲಕ್ಷ ಜನರಲ್ಲಿ ಸುಮಾರು ಎಂಟು ಮಂದಿಗೆ ಎಂಎಸ್ ಇತ್ತು. ಯುರೋಪಿನ ಹಲವೆಡೆ ಈ ಸಂಖ್ಯೆ ನೂರನ್ನು ದಾಟುತ್ತದೆ. ಮಂಗಳೂರಿನ ಲೆಕ್ಕವನ್ನೇ ಅಂದಾಜಿಗೆ ಹಿಡಿದರೆ, ಸುಮಾರು 20 ಲಕ್ಷ ಜನರಿರುವ ವಿಶಾಖಪಟ್ಟಣದಲ್ಲಿ ನೂರೈವತ್ತರ ಆಸುಪಾಸು ರೋಗಿಗಳು ಇರಬೇಕು. ವಿಜಯವಾಡದಲ್ಲಿ ಇನ್ನೂ ಕಡಿಮೆ. ಈ ಅಲ್ಪಸಂಖ್ಯೆಯಲ್ಲೇ ತೊಡಕಿದೆ. ಬಡಾವಣೆಯ ವೈದ್ಯರೊಬ್ಬರು ಇಡೀ ವೃತ್ತಿಜೀವನದಲ್ಲಿ ಒಬ್ಬ ಎಂಎಸ್ ರೋಗಿಯನ್ನೂ ನೋಡದೆ ನಿವೃತ್ತರಾಗಬಹುದು. ಅಂಥ ರೋಗಿ ಒಂದು ರಾತ್ರಿ ಜ್ವರ ಬಂದು ಎದುರು ಕೂತರೆ ಏನು ಮಾಡಬೇಕೆಂಬುದು ಅವರಿಗೆ ಹೊಳೆಯದೇ ಇರಬಹುದು.

ಹೊರಗಿನ ಬಿಸಿ, ಒಳಗಿನ ಬಿಸಿ

ಜರ್ಮನಿಯ ಕಣ್ಣಿನ ವೈದ್ಯ ವಿಲ್‌ಹೆಲ್ಮ್ ಊಟ್‌ಹಾಫ್ 1890ರಲ್ಲಿ ಒಂದು ಸಂಗತಿ ಬರೆದ. ಎಂಎಸ್ ಇರುವ ಕೆಲವರಿಗೆ ಬಿರುಸಾಗಿ ನಡೆದರೆ ಕಣ್ಣು ಮಂಜಾಗುತ್ತಿತ್ತು, ಕೂತು ದಣಿವಾರಿಸಿಕೊಂಡರೆ ತಿಳಿಯಾಗುತ್ತಿತ್ತು. ಕಾರಣ ದಣಿವಲ್ಲ, ಮೈಯ ಶಾಖ ಎಂದು ಮುಂದೆ ಗೊತ್ತಾಯಿತು. ಹೊದಿಕೆ ಕಳಚಿದ ನರ ತಂಪಿನಲ್ಲಿ ಹೇಗೋ ಸಂದೇಶ ದಾಟಿಸುತ್ತದೆ, ಬಿಸಿಯಾದರೆ ಕೈಚೆಲ್ಲುತ್ತದೆ. ಎಂಆರ್‌ಐ ಬರುವ ಮೊದಲು ಕಾಯಿಲೆ ಪತ್ತೆಗೆ ಇದನ್ನೇ ಪರೀಕ್ಷೆ ಮಾಡಿಕೊಂಡಿದ್ದರು. ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಕೈಕಾಲು ಸೋಲುತ್ತವೆಯೇ ಎಂದು ನೋಡುತ್ತಿದ್ದರು. ಮೇ ತಿಂಗಳ ವಿಜಯವಾಡದಲ್ಲಿ ಇಡೀ ಊರೇ ಆ ತೊಟ್ಟಿ. ವಿಶಾಖಪಟ್ಟಣದಲ್ಲಿ ಸಮುದ್ರದ ಗಾಳಿಯಿಂದ ತಾಪಮಾನ ಅಷ್ಟು ಏರದು ನಿಜ. ಆದರೆ ಗಾಳಿಯ ತೇವಕ್ಕೆ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯದು.

ಹೊರಗಿನ ಬಿಸಿ ಕಣ್ಣಿಗೆ ಕಾಣುತ್ತದೆ. ಫ್ಯಾನು, ಕೂಲರ್, ಒದ್ದೆ ಬಟ್ಟೆ, ಎಸಿ ಎಂದು ಮನೆಯವರು ಏನಾದರೂ ಮಾಡುತ್ತಾರೆ. ಒಳಗಿನ ಬಿಸಿ ಅಂದರೆ ಜ್ವರ. ಎಂಎಸ್ ಇರುವವರಲ್ಲಿ ಜ್ವರಕ್ಕೆ ತೀರ ಸಾಮಾನ್ಯ ಕಾರಣಗಳಲ್ಲೊಂದು ಮೂತ್ರದ ಸೋಂಕು. ಆಡುಮಾತಿನಲ್ಲಿ ಯೂರಿನ್ ಇನ್ಫೆಕ್ಷನ್, ವೈದ್ಯರ ಚೀಟಿಯಲ್ಲಿ ಯುಟಿಐ.

ನಿನ್ನೆ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದ ಹೆಂಗಸು ಇವತ್ತು ಬೆಳಿಗ್ಗೆ ಮಂಚದಿಂದ ಏಳಲಾರಳು ಎಂದು ಇಟ್ಟುಕೊಳ್ಳಿ. ಕಾಲು ಮರಗಟ್ಟಿದೆ, ಸೆಡೆತ ಹೆಚ್ಚಿದೆ, ಮಾತು ತುಸು ತೊದಲುತ್ತಿದೆ. ಕಾಯಿಲೆ ಮತ್ತೆ ಮರುಕಳಿಸಿತು ಎಂದು ಮನೆಯವರು ಗಾಬರಿಯಾಗುತ್ತಾರೆ. ಹಿಂದೊಮ್ಮೆ ಹೀಗೇ ಆಗಿದ್ದಾಗ ಆಸ್ಪತ್ರೆಯಲ್ಲಿ ಮೂರು ದಿನವೋ ಐದು ದಿನವೋ ಡ್ರಿಪ್‌ನಲ್ಲಿ ಮಿಥೈಲ್‌ಪ್ರೆಡ್ನಿಸೊಲೋನ್ ಕೊಟ್ಟಿದ್ದರು. ದಿನಕ್ಕೆ ಒಂದು ಗ್ರಾಮಿನಂತೆ ಸ್ಟೀರಾಯ್ಡ್. ಆಗ ಕಾಲು ಬಂದಿತ್ತು. ಈಗಲೂ ಅದನ್ನೇ ಕೊಡಿ ಎಂದು ಕೇಳುತ್ತಾರೆ, ಕೆಲವೊಮ್ಮೆ ಹಳೆಯ ಡಿಸ್ಚಾರ್ಜ್ ಸಮ್ಮರಿಯನ್ನೇ ಹಿಡಿದು ಹತ್ತಿರದ ನರ್ಸಿಂಗ್ ಹೋಮಿಗೆ ಹೋಗುತ್ತಾರೆ.

ಇಲ್ಲಿ ತಡೆಯಬೇಕು. ಎಂಎಸ್ ಮರುಕಳಿಕೆ ಎಂದರೇನು ಎಂಬ ವೈದ್ಯಕೀಯ ವ್ಯಾಖ್ಯೆಯಲ್ಲೇ ಒಂದು ಷರತ್ತು ಇದೆ. ಹೊಸ ಲಕ್ಷಣ ಕನಿಷ್ಠ 24 ಗಂಟೆ ಇರಬೇಕು, ಜೊತೆಗೆ ಜ್ವರವಾಗಲಿ ಸೋಂಕಾಗಲಿ ಇರಬಾರದು. ಸೋಂಕಿದ್ದು ಕಾಲು ಸೋತರೆ ಅದು ಹುಸಿ ಮರುಕಳಿಕೆ. ಹಳೆಯ ಗಾಯವೇ ಶಾಖಕ್ಕೆ ಮತ್ತೆ ನೋಯುತ್ತಿದೆ ಅಷ್ಟೆ, ಹೊಸ ಹಾನಿ ಆಗಿಲ್ಲ. ಸೋಂಕು ಇಳಿದರೆ ಕಾಲು ತಾನಾಗಿ ಮರಳಬಹುದು. ಅದನ್ನು ನೋಡದೆ ಸ್ಟೀರಾಯ್ಡ್ ಹರಿಸಿದರೆ ಆಗುವುದು ತಿರುಗುಮುರುಗು. ಸೋಂಕಿನ ವಿರುದ್ಧ ಹೋರಾಡುವ ಶಕ್ತಿಯನ್ನೇ ಸ್ಟೀರಾಯ್ಡ್ ತಗ್ಗಿಸುತ್ತದೆ, ಮೂತ್ರಕೋಶದಲ್ಲಿದ್ದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯಲು ದಾರಿ ಸಿಗುತ್ತದೆ. ಸ್ಟೀರಾಯ್ಡ್‌ಗೆ ಮುನ್ನ ಮೂತ್ರ ಪರೀಕ್ಷೆ ಆಗಲೇಬೇಕು ಎಂದು ನರವೈದ್ಯರಿಗೆ ಪಾಠ ಹೇಳುವುದು ಇದಕ್ಕೇ. ಪಟ್ಟಿಯೊಂದನ್ನು ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಡಿಪ್‌ಸ್ಟಿಕ್ ಪರೀಕ್ಷೆಗೆ ಎರಡು ನಿಮಿಷ ಸಾಕು.

ಅರ್ಧ ತುಂಬಿದ ಕೊಡ

ಎಂಎಸ್ ಇರುವವರಿಗೆ ಈ ಸೋಂಕು ಯಾಕೆ ಹೀಗೆ ಗಂಟುಬೀಳುತ್ತದೆ? ಮೂತ್ರಕೋಶದ ಕೆಲಸಗಳು ಎರಡೇ, ಹಿಡಿದಿಡುವುದು ಮತ್ತು ಖಾಲಿ ಮಾಡುವುದು. ಈ ಎರಡನ್ನೂ ಹೊಂದಿಸುವ ಕೇಂದ್ರ ಮಿದುಳಿನ ಬುಡದಲ್ಲಿದೆ. ಅಲ್ಲಿಂದ ಬೆನ್ನುಹುರಿಯ ಉದ್ದಕ್ಕೂ ಇಳಿದು ಸೊಂಟದ ಕೆಳಗಿನ ನರಗಳವರೆಗೆ ಸಂದೇಶ ಹೋಗಿಬರಬೇಕು. ಇಷ್ಟು ಉದ್ದದ ದಾರಿಯಲ್ಲಿ ಎಲ್ಲಾದರೂ ಒಂದು ಕಡೆ ಮಯಲಿನ್ ಕಿತ್ತಿದ್ದರೂ ತಾಳ ತಪ್ಪುತ್ತದೆ. ಎಂಎಸ್ ಇರುವವರಲ್ಲಿ ಹೆಚ್ಚಿನವರಿಗೆ ಒಂದಲ್ಲ ಒಂದು ಹಂತದಲ್ಲಿ ಮೂತ್ರದ ತೊಂದರೆ ಬಂದೇ ಬರುವುದು ಇದರಿಂದ.

ತೊಂದರೆ ಎರಡು ಬಗೆ, ಎಷ್ಟೋ ಸಲ ಎರಡೂ ಒಟ್ಟಿಗೆ. ಮೂತ್ರಕೋಶದ ಸ್ನಾಯು ಕೇಳದೆ ಕುಗ್ಗುತ್ತದೆ. ತಡೆಯಲಾಗದ ಅವಸರ, ಬಾಗಿಲು ಮುಟ್ಟುವಷ್ಟರಲ್ಲಿ ಸೀರೆ ಒದ್ದೆ. ಇನ್ನೊಂದರಲ್ಲಿ, ಸ್ನಾಯು ಕುಗ್ಗುವ ಹೊತ್ತಿಗೆ ಸಡಿಲಾಗಬೇಕಿದ್ದ ಕೆಳಗಿನ ಬಿಗಿಪಟ್ಟಿಯೂ ಬಿಗಿಯುತ್ತದೆ. ಒಂದಕ್ಕೆ ಹೋಗಿಬಂದ ಸಮಾಧಾನವಾದರೂ ಒಳಗೆ ಅರ್ಧ ಉಳಿದಿರುತ್ತದೆ. ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಸಾಮಾನ್ಯವಾಗಿ ಕರುಳಿನಲ್ಲೇ ವಾಸಿಸುವ ಇ. ಕೊಲೈ. ಹೆಂಗಸರಲ್ಲಿ ಮೂತ್ರನಾಳ ಗಿಡ್ಡ, ಹಾಗಾಗಿ ಅದಕ್ಕೆ ದೂರವೂ ಕಡಿಮೆ.

ಇದು ಹೊಸ ಸಂಗತಿಯೇನಲ್ಲ. ಇಂಗ್ಲೆಂಡಿನ ಮೂರನೇ ಜಾರ್ಜ್ ದೊರೆಯ ಮೊಮ್ಮಗ ಅಗಸ್ಟಸ್ ಡೆಸ್ಟೆ 1822ರಲ್ಲಿ ಶುರುವಾದ ತನ್ನ ಕಾಯಿಲೆಯನ್ನು ದಿನಚರಿಯಲ್ಲಿ ಬರೆದಿಟ್ಟಿದ್ದ. ಅದು ಎಂಎಸ್ ಎಂದು ತಿಳಿದದ್ದು ಅವನು ಸತ್ತು ಎಷ್ಟೋ ವರ್ಷಗಳ ಮೇಲೆ. ಕಣ್ಣು, ಕಾಲುಗಳ ಕಷ್ಟದ ಜೊತೆ ಮೂತ್ರದ ಕಷ್ಟವನ್ನೂ ಅವನು ನಾಚದೆ ದಾಖಲಿಸಿದ್ದಾನೆ. ನಮ್ಮ ನರರೋಗ ವಿಭಾಗದ ಸರದಿಯಲ್ಲಿ ಎರಡು ಗಂಟೆ ಕಾದು ಒಳಗೆ ಹೋದವರು ಮಾತ್ರ ಕಣ್ಣು, ಕೈ, ಕಾಲು ಎಲ್ಲ ಹೇಳಿ ಇದೊಂದನ್ನು ಬಿಟ್ಟು ಹೊರಬರುತ್ತಾರೆ. ಗಂಡ ಪಕ್ಕದಲ್ಲಿರುತ್ತಾನೆ, ಅತ್ತೆಯೂ ಬಂದಿರುತ್ತಾರೆ, ಹಿಂದಿನ ಕುರ್ಚಿಯಲ್ಲಿ ಮುಂದಿನ ರೋಗಿ ಕೂತಾಗಿದೆ. ಡಾಕ್ಟರು ಕೇಳಿದ್ದರೆ ಹೇಳುತ್ತಿದ್ದರೇನೋ. ಐದು ನಿಮಿಷದಲ್ಲಿ ಅವರಾದರೂ ಎಷ್ಟು ಕೇಳಿಯಾರು?

ಉತ್ತರಾಂಧ್ರದಲ್ಲಿ ಇನ್ನೊಂದು ಗೊಂದಲಕ್ಕೂ ಎಡೆಯಿದೆ. ಶ್ರೀಕಾಕುಳಂ ಜಿಲ್ಲೆಯ ಉದ್ದಾನ ಪ್ರದೇಶದಲ್ಲಿ ಕಾರಣ ತಿಳಿಯದ ಕಿಡ್ನಿ ಕಾಯಿಲೆ ದಶಕಗಳಿಂದ ಊರೂರನ್ನೇ ಕಾಡಿದೆ. ಅಲ್ಲಿನ ರೋಗಿಗಳು ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಗೆ ಎಡತಾಕಿದ ವರ್ಷಗಳು ಎಷ್ಟೋ. ಪಲಾಸದಲ್ಲಿ ಕಿಡ್ನಿ ಆಸ್ಪತ್ರೆ ತೆರೆದದ್ದು 2023ರ ಡಿಸೆಂಬರಿನಲ್ಲಿ. ಹಾಗಾಗಿ ಆ ಸೀಮೆಯಲ್ಲಿ ಮೂತ್ರ ಎಂದೊಡನೆ ಕಿಡ್ನಿಯ ಭಯವೇ ಮೊದಲು ಬಂದರೆ ಆಶ್ಚರ್ಯವಿಲ್ಲ. ಕ್ರಿಯಾಟಿನಿನ್ ಪರೀಕ್ಷೆ ಸರಿ ಬಂದರೆ ನಿಟ್ಟುಸಿರು. ಮೂತ್ರಕೋಶ ಪೂರ್ತಿ ಖಾಲಿಯಾಗುತ್ತಿದೆಯೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅದಕ್ಕೆ ದೊಡ್ಡ ಯಂತ್ರವೂ ಬೇಡ. ಮೂತ್ರ ಮಾಡಿ ಬಂದ ಕೂಡಲೇ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿದರೆ ಒಳಗೆ ಎಷ್ಟು ಉಳಿದಿದೆ ಎಂದು ತಿಳಿಯುತ್ತದೆ. 100 ಮಿಲಿಲೀಟರಿಗಿಂತ ಹೆಚ್ಚು ಉಳಿಯುತ್ತಿದ್ದರೆ ಗಮನಿಸಲೇಬೇಕು. ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಮಾಡುವ ಸಾಧಾರಣ ಕೇಂದ್ರದಲ್ಲೂ ಇದು ಆಗುವ ಕೆಲಸ.

ನೀರು ಬಿಟ್ಟವರು

ಅವಸರಕ್ಕೆ ಜನ ತಾವೇ ಕಂಡುಕೊಂಡ ಮದ್ದು ಒಂದಿದೆ: ನೀರು ಕುಡಿಯದಿರುವುದು. ಹೊರಗೆ ಹೋಗುವ ದಿನ ಬೆಳಿಗ್ಗೆಯಿಂದಲೇ ಬಾಯಿ ಒಣಗಿಸಿಕೊಳ್ಳುವುದು. ನಮ್ಮ ಹೆಂಗಸರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಆರೋಗ್ಯವಾಗಿದ್ದಾಗಲೂ ಬಸ್ ಪ್ರಯಾಣಕ್ಕೆ ಮುಂಚೆ ಅವರು ಮಾಡುವುದು ಅದನ್ನೇ. ಎಂಎಸ್ ಬಂದ ಮೇಲೆ ಅದು ದಿನದ ಅಭ್ಯಾಸವಾಗುತ್ತದೆ. ನೀರು ಕಡಿಮೆಯಾದಷ್ಟೂ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಅವಸರ ಇನ್ನೂ ಹೆಚ್ಚುತ್ತದೆ, ಬ್ಯಾಕ್ಟೀರಿಯಾ ತೊಳೆದುಹೋಗುವುದಿಲ್ಲ, ಮಲಬದ್ಧತೆ ಸೇರಿಕೊಂಡು ಮೂತ್ರಕೋಶದ ಮೇಲೆ ಒತ್ತುತ್ತದೆ. ಬೆಜವಾಡದ ಬಿಸಿಲಿನಲ್ಲಿ ಲೀಟರುಗಟ್ಟಲೆ ಬೆವರು ಹರಿಸಿಕೊಂಡು ನೀರು ಬಿಟ್ಟರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ.

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಸುಮಾರು 350 ಕಿಲೋಮೀಟರ್. ರತ್ನಾಚಲ್ ಎಕ್ಸ್‌ಪ್ರೆಸ್ ಹಗಲು ಗಾಡಿ. ಏಲೂರು, ರಾಜಮಹೇಂದ್ರಿ, ಅನ್ನವರಂ, ತುನಿ ಹಾದು ಆರು ಗಂಟೆಯ ಆಸುಪಾಸಿನ ದಾರಿ. ದೊಡ್ಡಾಸ್ಪತ್ರೆಗಾಗಿ, ಮದುವೆಗಾಗಿ, ತವರಿಗಾಗಿ ಎರಡೂ ಊರುಗಳ ಜನ ಇದರಲ್ಲಿ ಓಡಾಡುತ್ತಾರೆ. ಕಾಲಿನ ಸೆಡೆತ ಇರುವವರು ಅಲುಗಾಡುವ ಬೋಗಿಯಲ್ಲಿ ಕುಕ್ಕರಗಾಲಿನ ಕಕ್ಕಸನ್ನು ಬಳಸುವುದು ಕನಸಿನ ಮಾತು. ಪಾಶ್ಚಾತ್ಯ ಕಮೋಡ್ ಇದ್ದರೂ ಅಲ್ಲಿಯ ತನಕ ಜನರ ನಡುವೆ ಕೋಲೂರಿ ಹೋಗಬೇಕು. ಅಂಗವಿಕಲರ ಬೋಗಿಯೂ ಅಗಲದ ಶೌಚಾಲಯವೂ ಹಲವು ಗಾಡಿಗಳಲ್ಲಿವೆ. ಅವು ಗಾಡಿಯ ತುದಿಯಲ್ಲಿರುತ್ತವೆ, ಪ್ಲಾಟ್‌ಫಾರಂ ಉದ್ದಕ್ಕೂ ಅಲ್ಲಿಗೆ ನಡೆಯಬಲ್ಲವರಿಗೆ ಅದರ ಅಗತ್ಯವೇ ಇರಲಾರದು! ಬಸ್ಸಿನದು ಇನ್ನೊಂದು ಕಥೆ. ನಮ್ಮ ಶಕ್ತಿ ಯೋಜನೆಯ ಹಾಗೆ ಆಂಧ್ರದಲ್ಲೂ 2025ರ ಆಗಸ್ಟ್ 15ರಿಂದ ಹೆಂಗಸರಿಗೆ ಬಸ್ ಪ್ರಯಾಣ ಉಚಿತ. ಟಿಕೆಟ್ಟಿಗೆ ಕಾಸು ಬೇಡ, ಸರಿ. ನಡುವೆ ಎಲ್ಲಿ, ಎಷ್ಟು ಹೊತ್ತು ನಿಲ್ಲಿಸಬೇಕೆಂಬುದು ಈಗಲೂ ಡ್ರೈವರ್ ಕೈಯಲ್ಲಿದೆ.

2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೊಡ್ಡ ನಗರಗಳ ಪೈಕಿ ವಿಶಾಖಪಟ್ಟಣಕ್ಕೆ ನಾಲ್ಕನೇ ಸ್ಥಾನ, ವಿಜಯವಾಡಕ್ಕೆ ಆರನೆಯದು. ಹೆಮ್ಮೆಯ ಮಾತೇ. ಬೆಂಗಳೂರು ಆ ಹತ್ತರ ಪಟ್ಟಿಯಲ್ಲಿ ಇರಲೂ ಇಲ್ಲ. ಆದರೆ ಸ್ವಚ್ಛ ಊರಿನ ಸಾರ್ವಜನಿಕ ಶೌಚಾಲಯಕ್ಕೆ ಮೂರು ಮೆಟ್ಟಿಲಿದ್ದು ಹಿಡಿಕೆ ಇಲ್ಲದಿದ್ದರೆ ಎಂಎಸ್ ರೋಗಿಗೆ ಆ ರ‍್ಯಾಂಕ್ ಯಾವ ಕೆಲಸಕ್ಕೂ ಬಾರದು. ದಸರೆಯಲ್ಲಿ ಇಂದ್ರಕೀಲಾದ್ರಿಯ ಕನಕದುರ್ಗೆಯ ದರ್ಶನಕ್ಕೆ, ಅಕ್ಷಯ ತದಿಗೆಯಂದು ಸಿಂಹಾಚಲದ ಚಂದನೋತ್ಸವಕ್ಕೆ ಗಂಟೆಗಟ್ಟಲೆ ಕ್ಯೂ. ಹರಕೆ ಹೊತ್ತವರು ಬರುವುದೇ ಕಾಯಿಲೆ ವಾಸಿಯಾಗಲಿ ಎಂದು. ಆ ಸರಳುಗಳ ನಡುವೆ ನೀರು ಕುಡಿಯುವ ಧೈರ್ಯ ಯಾರಿಗಿದ್ದೀತು?

ಡಬ್ಬಿಯೊಳಗಿನ ಸುಳ್ಳು

ಮೂತ್ರದ ಸೋಂಕೆಂದರೆ ಉರಿ ಎಂದೇ ನಾವೆಲ್ಲ ತಿಳಿದಿದ್ದೇವೆ. ಉರಿಮೂತ್ರವಾದರೆ ನಮ್ಮಲ್ಲಿ ಉಷ್ಣ ಆಗಿದೆ ಅನ್ನುತ್ತಾರೆ, ತೆಲುಗರ ಮನೆಯಲ್ಲಿ ವೇಡಿ ಚೇಸಿಂದಿ ಅನ್ನುತ್ತಾರೆ. ಬಾರ್ಲಿ ನೀರು, ಮಜ್ಜಿಗೆ, ಎಳನೀರು, ಸಬ್ಜಾ ಬೀಜ ಎಲ್ಲವೂ ಬರುತ್ತವೆ. ನೀರಿನಂಶ ಹೊಟ್ಟೆಗೆ ಹೋಗುವ ಮಟ್ಟಿಗೆ ಇವು ಒಳ್ಳೆಯವೇ, ನನ್ನ ತಕರಾರಿಲ್ಲ. ಆದರೆ ಇವುಗಳಿಂದ ಸೋಂಕು ಹೋಗುತ್ತದೆಂದು ಮೂರು ದಿನ ಕಾಯುವುದು ಅಪಾಯ. ಎಂಎಸ್ ಇರುವವರಲ್ಲಂತೂ ಉರಿಯೇ ಇರದಿರಬಹುದು. ಉರಿಯನ್ನು ಮಿದುಳಿಗೆ ಮುಟ್ಟಿಸಬೇಕಾದ ನರವೇ ಕೆಟ್ಟಿದ್ದರೆ ಉರಿ ಎಲ್ಲಿಂದ ತಿಳಿಯಬೇಕು? ಕಾಲಿನ ಸೆಡೆತ ಇದ್ದಕ್ಕಿದ್ದಂತೆ ಹೆಚ್ಚುವುದು, ಮಂಕು ಕವಿಯುವುದು, ಮೂತ್ರ ಕದಡಿ ನಾರುವುದು, ಇಲ್ಲದಿದ್ದ ಸೋರಿಕೆ ಶುರುವಾಗುವುದು ಮೊದಲ ಸುಳಿವಾಗಬಹುದು. ಇದನ್ನು ಮೊದಲು ಗಮನಿಸುವವರು ಮನೆಯವರು. ಬೆನ್ನಿನ ಪಕ್ಕೆಯಲ್ಲಿ ನೋವು, ನಡುಕದ ಜ್ವರ, ವಾಂತಿ ಬಂದರೆ ಸೋಂಕು ಕಿಡ್ನಿಗೆ ಏರಿರಬಹುದು, ಆಗ ಅದೇ ದಿನ ಆಸ್ಪತ್ರೆ ಸೇರಬೇಕು.

ಕ್ರ್ಯಾನ್‌ಬೆರಿ ರಸದ ಬಗ್ಗೆಯೂ ಎರಡು ಮಾತು, ಈಗ ನಮ್ಮ ಮೆಡಿಕಲ್ ಶಾಪುಗಳಲ್ಲೂ ಅದರ ಪೊಟ್ಟಣ ಸಿಗುತ್ತದೆ. ಪದೇ ಪದೇ ಸೋಂಕಾಗುವ ಸಾಮಾನ್ಯ ಹೆಂಗಸರಿಗೆ ಅದರಿಂದ ಒಂದಿಷ್ಟು ಉಪಯೋಗ ಇರುವಂತಿದೆ ಎಂದು 2023ರ ಕಾಕ್ರೇನ್ ವಿಮರ್ಶೆ ಹೇಳಿತು. ನರದ ತೊಂದರೆಯಿಂದ ಮೂತ್ರಕೋಶ ಖಾಲಿಯಾಗದವರಿಗೆ ಉಪಯೋಗ ಕಾಣಲಿಲ್ಲ ಎಂದೂ ಅದೇ ವಿಮರ್ಶೆ ಹೇಳಿದೆ.

ಸೋಂಕಿನ ಅನುಮಾನ ಬಂದರೆ ಕಲ್ಚರ್ ಪರೀಕ್ಷೆ ಬೇಕು, ಅದೂ ಆ್ಯಂಟಿಬಯೊಟಿಕ್ ಶುರುಮಾಡುವ ಮೊದಲು. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯುವುದು ಅದರಿಂದಲೇ. ಇಲ್ಲೊಂದು ಸಣ್ಣ ಸಂಗತಿ ದೊಡ್ಡ ತಪ್ಪುಗಳಿಗೆ ಕಾರಣ. ಮೊದಲ ಧಾರೆ ಬಿಟ್ಟು ನಡುವಿನ ಧಾರೆಯನ್ನು ಲ್ಯಾಬಿನವರು ಕೊಟ್ಟ ಶುದ್ಧ ಡಬ್ಬಿಯಲ್ಲಿ ಹಿಡಿಯಬೇಕು, ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಮನೆಯಲ್ಲೇ ಹಿಡಿದ ಡಬ್ಬಿಯನ್ನು ಮಗನ ಬೈಕಿನ ಬಾಕ್ಸಿನಲ್ಲಿಟ್ಟು, ಅವನು ಬೆಸೆಂಟ್ ರೋಡಿನಲ್ಲಿ ತನ್ನ ಕೆಲಸ ಮುಗಿಸಿ, ಮಧ್ಯಾಹ್ನ ಲ್ಯಾಬಿಗೆ ಕೊಟ್ಟರೆ? ಮೇ ತಿಂಗಳ ಆ ಕಾವಿನಲ್ಲಿ ನಾಲ್ಕಾರು ಬ್ಯಾಕ್ಟೀರಿಯಾ ಲಕ್ಷಗಟ್ಟಲೆ ಆಗಿರುತ್ತವೆ. ಒಂದು ಮಿಲಿಲೀಟರಿನಲ್ಲಿ ಲಕ್ಷ ಬ್ಯಾಕ್ಟೀರಿಯಾ ಎಂಬುದು 1956ರಲ್ಲಿ ಎಡ್ವರ್ಡ್ ಕಾಸ್ ಎಂಬ ಅಮೆರಿಕದ ವೈದ್ಯ ಹಾಕಿಕೊಟ್ಟ ಗೆರೆ. ಲ್ಯಾಬುಗಳು ಇಂದಿಗೂ ಹೆಚ್ಚುಕಡಿಮೆ ಅದನ್ನೇ ಹಿಡಿದಿವೆ. ಬಿಸಿಲಲ್ಲಿ ಇಟ್ಟ ಡಬ್ಬಿ ಆ ಗೆರೆಯನ್ನು ಸುಳ್ಳುಸುಳ್ಳೇ ದಾಟುತ್ತದೆ, ಇಲ್ಲದ ಸೋಂಕಿಗೆ ಇಂಜೆಕ್ಷನ್ ಬೀಳುತ್ತದೆ.

ಎದುರು ತಪ್ಪೂ ಇದೆ. ಮೂತ್ರಕೋಶ ಖಾಲಿಯಾಗದವರಲ್ಲಿ, ಕೊಳವೆ ಬಳಸುವವರಲ್ಲಿ ಬ್ಯಾಕ್ಟೀರಿಯಾ ಯಾವ ಲಕ್ಷಣವೂ ಇಲ್ಲದೆ ಸುಮ್ಮನೆ ಮನೆಮಾಡಿಕೊಂಡಿರಬಹುದು. ರಿಪೋರ್ಟಿನಲ್ಲಿ ಕೆಂಪಕ್ಷರ ಕಂಡಿತೆಂದು ಪ್ರತಿಸಲ ಆ್ಯಂಟಿಬಯೊಟಿಕ್ ನುಂಗಿಸಿದರೆ ಲಾಭವಿಲ್ಲ, ಔಷಧಿಗೆ ಬಗ್ಗದ ತಳಿ ಮಾತ್ರ ಬೆಳೆಯುತ್ತದೆ. ಜ್ವರ, ಸೆಡೆತ, ಸುಸ್ತು ಹೀಗೆ ಲಕ್ಷಣ ಇದ್ದಾಗ ಕಲ್ಚರ್, ಅದರಲ್ಲಿ ಸಿಕ್ಕಿದ್ದಕ್ಕೆ ಔಷಧಿ. ಬರಿ ರಿಪೋರ್ಟಿಗೆ ಔಷಧಿ ಕೊಡಬಾರದು.

ಪಾಲಿಸುವುದು ಸುಲಭವಲ್ಲ. ವಿಶಾಖಪಟ್ಟಣದ ಮಗ್ಗುಲಿನ ಪರವಾಡದಲ್ಲೇ ದೊಡ್ಡ ಫಾರ್ಮಾ ಸಿಟಿ ಇದೆ, ಇಡೀ ಜಗತ್ತಿಗೆ ಮಾತ್ರೆ ಕಳಿಸುವ ಸೀಮೆ ಅದು. ಅಂಗಡಿಯಲ್ಲಿ ಚೀಟಿ ಇಲ್ಲದೆ ಕೇಳಿದರೂ ಸಿಪ್ರೊಫ್ಲಾಕ್ಸಾಸಿನ್, ಸೆಫಿಕ್ಸಿಮ್ ಸಿಗುವುದು ನಮ್ಮ ದೇಶದ ಎಲ್ಲ ಊರುಗಳ ಕತೆ. ಸೆಫಿಕ್ಸಿಮ್‌ನಂಥವನ್ನು ಚೀಟಿ ನೋಡಿ, ಪುಸ್ತಕದಲ್ಲಿ ಬರೆದೇ ಕೊಡಬೇಕೆಂಬ ಎಚ್‌1 ನಿಯಮ 2014ರ ಮಾರ್ಚಿನಿಂದ ಇದೆ. ಔಷಧ ನಿರೋಧಕ ಬ್ಯಾಕ್ಟೀರಿಯಾ ತಡೆಯಲು ಆಂಧ್ರಪ್ರದೇಶ 2022ರಲ್ಲಿ ತನ್ನದೇ ಕ್ರಿಯಾಯೋಜನೆಯನ್ನೂ ಮಾಡಿಕೊಂಡಿತು. ವರ್ಷಕ್ಕೆ ನಾಲ್ಕೈದು ಸಲ ಸೋಂಕಾಗುವ ಎಂಎಸ್ ರೋಗಿಗೆ ಈ ಕಾಗದಗಳು ಅಂಗಡಿಯ ಕಟ್ಟೆಯಲ್ಲಿ ಜಾರಿಯಾಗುವುದೇ ಮುಖ್ಯ. ಇಂದು ಸುಮ್ಮನೆ ನುಂಗಿದ ಮಾತ್ರೆ ನಾಳೆ ಕಿಡ್ನಿಗೆ ಸೋಂಕು ಏರಿದಾಗ ಕೆಲಸ ಮಾಡದೆ ಹೋಗಬಹುದು.

ಎಂಎಸ್ ಔಷಧಿಗಳೂ ಇಲ್ಲಿ ಪಾತ್ರ ವಹಿಸುತ್ತವೆ. ರಿಟುಕ್ಸಿಮ್ಯಾಬ್ ಮೂಲತಃ ಕ್ಯಾನ್ಸರ್ ಔಷಧಿ. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಅದರ ಕಡಿಮೆ ಬೆಲೆಯ ರೂಪವನ್ನು 2007ರಲ್ಲಿ ತಂದ ಮೇಲೆ, ವಿದೇಶಿ ಔಷಧಿಗೆ ಲಕ್ಷಗಳನ್ನು ಸುರಿಯಲಾಗದ ನಮ್ಮ ಎಂಎಸ್ ರೋಗಿಗಳಿಗೆ ಅದು ಆಸರೆಯಾಯಿತು. ಕಾಯಿಲೆಯನ್ನು ಚೆನ್ನಾಗಿ ಹಿಡಿದಿಡುತ್ತದೆ, ಜೊತೆಗೆ ಸೋಂಕಿನ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ಅದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ತೆಗೆದುಕೊಳ್ಳುವವರ ಮೂತ್ರಕೋಶದ ಮೇಲೆ ಕಣ್ಣಿರಬೇಕು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಇನ್ನೊಂದು ಜೋಡಿ. ಅವಸರದ ಮೂತ್ರಕ್ಕೆ ಕೊಡುವ ಆಕ್ಸಿಬ್ಯುಟಿನಿನ್‌ನಂಥ ಮಾತ್ರೆಗಳು ಬಾಯಿ ಒಣಗಿಸುತ್ತವೆ, ಬೆವರನ್ನೂ ತಗ್ಗಿಸುತ್ತವೆ. ಬೆವರದ ಮೈ ಬಿಸಿಲಲ್ಲಿ ಬೇಗ ಕಾಯುತ್ತದೆ. ಲಂಡನ್ನಿನಲ್ಲಿ ಇದು ಔಷಧಿ ಚೀಟಿಯ ಕೊನೆಯ ಸಾಲು, ವಿಜಯವಾಡದಲ್ಲಿ, ನಮ್ಮ ರಾಯಚೂರು ಕಲಬುರಗಿಗಳಲ್ಲಿ ಮೊದಲ ಸಾಲಾಗಬೇಕು. ಬೆವರಿಗೆ ಅಡ್ಡಬಾರದ ಮಿರಾಬೆಗ್ರಾನ್ ಎಂಬ ಬೇರೆ ಜಾತಿಯ ಮಾತ್ರೆಯೂ ಈಗ ಇದೆ, ರಕ್ತದೊತ್ತಡ ನೋಡಿಕೊಂಡು ಕೊಡುತ್ತಾರೆ. ಬೇಸಿಗೆಗೆ ಮುಂಚೆ, ಫೆಬ್ರುವರಿಯಲ್ಲೇ, ಯಾವ ಮಾತ್ರೆ ಮುಂದುವರಿಸಬೇಕು ಎಂದು ವೈದ್ಯರನ್ನು ಕೇಳಿಟ್ಟುಕೊಳ್ಳುವುದು ವಾಸಿ.

ಬಚ್ಚಲಿನಲ್ಲಿ ಕಲಿಯುವ ವಿದ್ಯೆ

ಮೂತ್ರಕೋಶ ಖಾಲಿಯಾಗದಿದ್ದರೆ ಮಾತ್ರೆಯಿಂದ ಪ್ರಯೋಜನ ಅಷ್ಟಕ್ಕಷ್ಟೆ, ಕೊಳವೆಯಿಂದ ಖಾಲಿ ಮಾಡಬೇಕು. ನಮ್ಮಲ್ಲಿ ಯೂರಿನ್ ಪೈಪ್ ಅಂದರೆ ಜನಕ್ಕೆ ಗೊತ್ತಿರುವುದು ಒಂದೇ ಚಿತ್ರ, ಮಂಚದ ಪಕ್ಕ ನೇತಾಡುವ ಚೀಲ. ಅದು ಒಳಗೇ ಉಳಿಯುವ ಫೋಲಿ ಕೊಳವೆ. ಒಂದು ತಿಂಗಳು ಒಳಗಿದ್ದರೆ ಹೆಚ್ಚುಕಡಿಮೆ ಎಲ್ಲರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಬಂದಿರುತ್ತದೆ. ಬೇರೆ ದಾರಿ ಇಲ್ಲದವರಿಗೆ ಅದು ಬೇಕಾಗಬಹುದು. ಕೈಗಳು ಗಟ್ಟಿಯಿರುವವರಿಗೆ ಅದಕ್ಕಿಂತ ಒಳ್ಳೆಯ ದಾರಿ ಇದೆ. ತಾವೇ ದಿನಕ್ಕೆ ಕೆಲವು ಸಲ ತೆಳು ಕೊಳವೆ ಹಾಕಿ, ಖಾಲಿ ಮಾಡಿ, ತೆಗೆದುಬಿಡುವುದು.

ಇದರ ಹಿಂದೆ ಒಂದು ಹಟದ ಕಥೆಯಿದೆ. ಎರಡನೇ ಮಹಾಯುದ್ಧದಲ್ಲಿ ಬೆನ್ನುಹುರಿ ಮುರಿದ ಸೈನಿಕರಿಗೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಹೊತ್ತುಹೊತ್ತಿಗೆ ಕೊಳವೆ ಹಾಕಿಸುತ್ತಿದ್ದರು. ಆದರೆ ಎಲ್ಲವೂ ಆಪರೇಷನ್ ಥಿಯೇಟರಿನ ಮಡಿಯಲ್ಲಿ ನಡೆಯಬೇಕಿತ್ತು. ಹಾಗಾಗಿ ಮನೆಯಲ್ಲಿ ಅಸಾಧ್ಯ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮೂತ್ರರೋಗ ತಜ್ಞ ಜ್ಯಾಕ್ ಲ್ಯಾಪಿಡಿಸ್ ಬೇರೆ ಮಾತು ಹೇಳಿದರು. ಸೋಂಕು ತರುವುದು ಕೊಳವೆಗೆ ಅಂಟಿದ ನಾಲ್ಕು ಬ್ಯಾಕ್ಟೀರಿಯಾ ಅಲ್ಲ, ಉಬ್ಬಿ ನಿಂತ ಮೂತ್ರಕೋಶ. ಸೋಪಿನಲ್ಲಿ ಕೈ ತೊಳೆದು, ಚೊಕ್ಕಟ ಕೊಳವೆಯಿಂದ ಸರಿಯಾದ ಹೊತ್ತಿಗೆ ಖಾಲಿ ಮಾಡಿದರೆ ಸಾಕು ಎಂದರು. 1972ರಲ್ಲಿ ಅವರ ಲೇಖನ ಬಂದಾಗ ವೈದ್ಯಲೋಕ ಹುಬ್ಬೇರಿಸಿತು. ಅವರ ಮೊದಮೊದಲ ರೋಗಿಗಳಲ್ಲಿ ಎಂಎಸ್ ಇದ್ದ ಮಹಿಳೆಯೂ ಇದ್ದರು. ಇಂದು ಜಗತ್ತಿನೆಲ್ಲೆಡೆ ಇದು ಒಪ್ಪಿತ ವಿಧಾನ.

ನಮ್ಮ ಮೆಡಿಕಲ್ ಶಾಪುಗಳಲ್ಲಿ ಇದಕ್ಕೆ ಬೇಕಾದ ನೆಲಟಾನ್ ಕೊಳವೆ ಹತ್ತಾರು ರೂಪಾಯಿಗೆ ಸಿಗುತ್ತದೆ. ಕಷ್ಟ ಇರುವುದು ಕಲಿಸುವವರು ಸಿಗುವುದರಲ್ಲಿ. ಕನ್ನಡಿ ಹಿಡಿದು, ಬಾಗಿಲು ಹಾಕಿದ ಕೋಣೆಯಲ್ಲಿ, ಅವಸರವಿಲ್ಲದೆ, ಹೆಂಗಸಿಗೆ ಹೆಂಗಸೇ ಕಲಿಸಬೇಕು. ಒಂದು ಮಧ್ಯಾಹ್ನದ ಕೆಲಸ ಅದು. ಗಿಜಿಗುಡುವ ಹೊರರೋಗಿ ವಿಭಾಗದಲ್ಲಿ ಆ ಮಧ್ಯಾಹ್ನ ಯಾರಿಗೂ ಬಿಡುವಾಗುವುದಿಲ್ಲ. ವೈದ್ಯರ ಚೀಟಿಯಲ್ಲಿ ನಾಲ್ಕಕ್ಷರ ಬರೆದು ಕಳಿಸಿದರೆ ಯಾರೂ ಕಲಿಯುವುದಿಲ್ಲ, ಹೆದರಿ ಚೀಟಿಯನ್ನು ಮಡಿಸಿ ಇಡುತ್ತಾರೆ. ಒಬ್ಬ ನರ್ಸ್‌ಗೆ ಇದೇ ಕೆಲಸ ಎಂದು ಗೊತ್ತುಮಾಡಿದರೆ ಎಷ್ಟು ಮಂದಿ ವಾರ್ಡ್ ಸೇರುವುದು ತಪ್ಪೀತು ಎಂದು ಆಸ್ಪತ್ರೆ ನಡೆಸುವವರು ಲೆಕ್ಕ ಹಾಕಬೇಕು.

ಕಟ್ಟಡಗಳಿಗೆ ಆ ಎರಡು ಊರುಗಳಲ್ಲಿ ಬರವಿಲ್ಲ. ಕಿಂಗ್ ಜಾರ್ಜ್ ಆಸ್ಪತ್ರೆಗೂ ಅದರ ಆಂಧ್ರ ಮೆಡಿಕಲ್ ಕಾಲೇಜಿಗೂ ನೂರು ವರ್ಷ ತುಂಬಿದೆ, ಎರಡೂ 1923ರವು. ಒಡಿಶಾದ ದಕ್ಷಿಣ ಜಿಲ್ಲೆಗಳವರೂ ಅಲ್ಲಿಗೇ ಬರುತ್ತಾರೆ. ವಿಜಯವಾಡದಲ್ಲಿ ಸರ್ಕಾರಿ ಜನರಲ್ ಆಸ್ಪತ್ರೆ ಇದೆ, ಕೃಷ್ಣೆ ದಾಟಿದರೆ ಮಂಗಳಗಿರಿಯಲ್ಲಿ 2019ರಿಂದ ಏಮ್ಸ್‌ನ ಹೊರರೋಗಿ ವಿಭಾಗವಿದೆ. ರಾಯಲಸೀಮೆಯ ಗಡಿ ಜಿಲ್ಲೆಗಳವರಿಗೆ ಬೆಂಗಳೂರಿನ ನಿಮ್ಹಾನ್ಸ್ ಹತ್ತಿರ. ಭಾರತ ಎಂಎಸ್ ಸೊಸೈಟಿ 1985ರಿಂದ ಇದ್ದು, ಹೈದರಾಬಾದ್, ಬೆಂಗಳೂರುಗಳಲ್ಲಿ ಅದರ ಶಾಖೆಗಳಿವೆ. ವೈದ್ಯರಿಗೆ ಹೇಳಲಾಗದ್ದನ್ನು ಅಂಥ ಕೂಟದಲ್ಲಿ ಇನ್ನೊಬ್ಬ ರೋಗಿಯ ಬಳಿ ಹೇಳಿಕೊಳ್ಳಬಹುದು.

2016ರ ಅಂಗವಿಕಲರ ಹಕ್ಕು ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಎಂಎಸ್ ಕೂಡ ಒಂದು. ಆಂಧ್ರದಲ್ಲಿ ‘ಸದರಂ’ ಕ್ಯಾಂಪಿನಲ್ಲಿ ಪ್ರಮಾಣಪತ್ರ ಸಿಕ್ಕರೆ 2024ರ ಜುಲೈನಿಂದ ತಿಂಗಳಿಗೆ 6,000 ರೂಪಾಯಿ ಪಿಂಚಣಿ, ಹಾಸಿಗೆ ಹಿಡಿದವರಿಗೆ 15,000. ಕರ್ನಾಟಕದ ಮೊತ್ತ ಇದರ ಹತ್ತಿರವೂ ಇಲ್ಲ, ಇದನ್ನು ನಾವು ಗಮನಿಸಬೇಕು. ಆದರೆ ಕ್ಯಾಂಪಿನಲ್ಲಿ ಕಾಲು, ಕೈ, ಕಣ್ಣು ಅಳೆಯುವುದು ಸುಲಭ. ದಿನಕ್ಕೆ ಹದಿನೈದು ಸಲ ಬಚ್ಚಲಿಗೆ ಓಡುವ, ಅದಕ್ಕಾಗಿಯೇ ಕೆಲಸ ಬಿಟ್ಟ ಹುಡುಗಿ ನಡೆದುಕೊಂಡೇ ಬಂದಿರುತ್ತಾಳೆ. ಅವಳ ಕಷ್ಟ ಹೊರಗೆ ಕಾಣುವುದಿಲ್ಲ.

ನರರೋಗ ವಿಭಾಗದಲ್ಲಿ ಎಂಎಸ್ ರೋಗಿಯ ಚೀಟಿ ತುಂಬುವಾಗ ಬಿಪಿ, ತೂಕದ ಜೊತೆ ಇನ್ನೊಂದು ಕಾಲಂ ಇರಬೇಕು: ಮೂತ್ರ ಸರಿಯಾಗಿ ಆಗುತ್ತಿದೆಯೇ, ಪೂರ್ತಿ ಖಾಲಿಯಾಗುತ್ತಿದೆಯೇ. ಅದನ್ನು ಕೇಳುವುದು ನರ್ಸ್ ಕೆಲಸವಾದರೆ ಇನ್ನೂ ಒಳ್ಳೆಯದು. ಆ ಕಾಲಂ ಬರುವವರೆಗೆ ರೋಗಿಗಳೇ ಬಾಯಿಬಿಡಬೇಕು, ಮನೆಯವರು ಅದಕ್ಕೆ ಜಾಗ ಮಾಡಿಕೊಡಬೇಕು, ಗಂಡನೋ ಅತ್ತೆಯೋ ಎರಡು ನಿಮಿಷ ಹೊರಗೆ ನಿಂತರೂ ಸಾಕು. ನಿಮ್ಮ ಮನೆಯಲ್ಲಿ ಎಂಎಸ್ ಇರುವವರಿದ್ದು ಒಂದು ಬೆಳಿಗ್ಗೆ ಅವರ ಕಾಲು ಸೋತರೆ, ಸ್ಟೀರಾಯ್ಡ್ ಡ್ರಿಪ್ ಏರಿಸುವ ಮುನ್ನ ಯೂರಿನ್ ರಿಪೋರ್ಟ್ ಬಂದಿದೆಯೇ ಎಂದು ಡ್ಯೂಟಿ ಡಾಕ್ಟರನ್ನು ಕೇಳಲು ಸಂಕೋಚಪಡಬೇಡಿ.